ಬೋರ್ಡಿಲ್ಲದ ಅಂಗಡಿಯ ಅಣ್ಣಯ್ಯ

ಹಿರೇಕೊಡಿಗೆಯ ಕಡೆ ಓಡಾಡುವ ಸದಸ್ಯ ಬಾಂಧವರಿಗೆ ಆ ಅಂಗಡಿಯನ್ನು ನಾವು ಪರಿಚಯಿಸಬೇಕಾದ್ದಿಲ್ಲ. ರಸ್ತೆಗೆ ಮುಖ ಮಾಡಿದ ಹೆಂಚಿನ ಮನೆ, ಅದರ ಜಗಲಿಯ ಅರ್ಧಕ್ಕೆ ಹಲಗೆ ಬಾಗಿಲು, ಒಳಗೆ ಒಂದು ತಕ್ಕಡಿ, ಉಪ್ಪಿನ ಮರಿಗೆ, ಜೋನಿಬೆಲ್ಲದ ಡಬ್ಬ, ಗೋಡೆಗೆ ನೇತು ಹಾಕಿದ ಹಗ್ಗದ ಸುರುಳಿ, ಮೂಲೆಯಲ್ಲಿ ಮೈಲುತುತ್ತಿನ ಚೀಲ. ಇಷ್ಟೇ ಅಂಗಡಿ. ಅದಕ್ಕೆ ಬೋರ್ಡು ಇರಲಿಲ್ಲ. ಹಾಕಿಸಿ ಎಂದು ನಾವೇ ಒಮ್ಮೆ ಹೇಳಿದ್ದುಂಟು. "ಗೊತ್ತಿದ್ದೋರಿಗೆ ಬೋರ್ಡು ಯಾಕೆ, ಗೊತ್ತಿಲ್ಲದೋರು ಇಲ್ಲಿಗೆ ಯಾಕೆ ಬರ್ತಾರೆ ಮಾರಾಯ್ರೆ?" ಎಂದು ನಕ್ಕಿದ್ದರು.

ಅವರು ಈ ಮಾತನ್ನು ಹೇಳಿದ್ದು ಪೂರ್ತಿ ಸರಿಯಲ್ಲ. ಗೊತ್ತಿಲ್ಲದವರೂ ಬರುತ್ತಿದ್ದರು. 1904ರ ಡಿಸೆಂಬರ್ 29ರಂದು ಕುವೆಂಪು ಅವರು ತಾಯಿಯ ತವರಾದ ಈ ಹಿರೇಕೊಡಿಗೆಯಲ್ಲಿ ಹುಟ್ಟಿದರು. ಕುಪ್ಪಳಿಯನ್ನು ನೋಡಿ ಬಂದವರಲ್ಲಿ ಕೆಲವರಿಗೆ ಹುಟ್ಟಿದ ಊರನ್ನೂ ನೋಡಬೇಕೆಂಬ ಆಸೆ. ಅಂಥವರು ಕಾರು ನಿಲ್ಲಿಸಿ ಕೇಳುವುದು ಈ ಅಂಗಡಿಯಲ್ಲಿ. ಬೆಲ್ಲದ ಚೂರು, ಒಂದು ತಂಬಿಗೆ ನೀರು ಕೊಟ್ಟು, ದಾರಿ ಹೇಳಿ ಕಳಿಸುತ್ತಿದ್ದರು. ಏನನ್ನಾದರೂ ಕೊಳ್ಳಲಿ ಎಂದು ಕಾದು ನಿಂತದ್ದನ್ನು ನಾವು ಕಂಡಿಲ್ಲ.

ಊರಿಗೆಲ್ಲ ಅವರು ಅಂಗಡಿ ಅಣ್ಣಯ್ಯ. ಕಳೆದ ಮಾಘ ಮಾಸದಲ್ಲಿ, ಎಂಬತ್ತೈದು ದಾಟಿದ ವಯಸ್ಸಿನಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಪತ್ರಿಕೆಯಲ್ಲಿ ಹೆಸರು, ಭಾವಚಿತ್ರ ಹಾಕೋಣವೆಂದು ಹಿರಿಯ ಮಗಳನ್ನು ಕೇಳಿದೆವು. "ಅಂಗಡಿಗೇ ಬೋರ್ಡು ಹಾಕಿಸ್ದೋರಲ್ಲ ಅಪ್ಪ. ಅಣ್ಣಯ್ಯ ಅಂತ ಬರೀರಿ, ಸಾಕು" ಎಂದರು. ಹಾಗೆಯೇ ಬರೆಯುತ್ತಿದ್ದೇವೆ.

ಅಂಗಡಿಯ ಜೀವಾಳವಾಗಿದ್ದದ್ದು ಕೆಂಪು ರಟ್ಟಿನ ಉದ್ದನೆಯ ಕಡದ ಪುಸ್ತಕ. ಈಗಿನ ಎಳೆಯ ಬೆಳೆಗಾರರಿಗೆ ಇದು ವಿಚಿತ್ರವೆನಿಸಬಹುದಾದ್ದರಿಂದ ಎರಡು ಮಾತು ಹೇಳಬೇಕು. 1942ರ ಕಾಫಿ ಕಾಯ್ದೆಯ ಪ್ರಕಾರ, ಮನೆಬಳಕೆಗೆ ಮತ್ತು ಬಿತ್ತನೆಗೆ ಬೇಕಾದ್ದನ್ನು ಬಿಟ್ಟರೆ, ಬೆಳೆದ ಕಾಫಿಯನ್ನೆಲ್ಲ ಮಂಡಳಿಯ ಪೂಲಿಗೇ ಒಪ್ಪಿಸಬೇಕಿತ್ತು. ಒಪ್ಪಿಸಿದ ದಿನ ಒಂದಿಷ್ಟು ಹಣ. ಉಳಿದದ್ದು ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ. ಕೊನೆಯ ಕಂತು ಕೈಗೆ ಬರುವಷ್ಟರಲ್ಲಿ ಗಿಡ ಮತ್ತೆ ಹೂವಾಗಿರುತ್ತಿತ್ತು. 1992ರಿಂದ ಆ ಕಟ್ಟು ಸಡಿಲವಾಗುತ್ತ ಬಂದು 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಇನ್ನು ಅಡಿಕೆಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ: ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಶಿವಮೊಗ್ಗಕ್ಕೆ ಹೋಗಿ ದುಡ್ಡಾಗುವವರೆಗೆ ಕಾಯಬೇಕು. ಹೀಗಾಗಿ ಆರಿದ್ರೆಯಿಂದ ದೀಪಾವಳಿಯವರೆಗೆ ಎರಡು ಮೂರು ಎಕರೆಯ ಮನೆಗಳಲ್ಲಿ ನಗದು ಎಂಬುದೇ ಇರುತ್ತಿರಲಿಲ್ಲ. ಆದರೆ ಉಪ್ಪು, ಸೀಮೆಎಣ್ಣೆ, ಮಕ್ಕಳ ಪುಸ್ತಕ, ಆಳುಗಳ ಹೊಗೆಸೊಪ್ಪು ಬೇಕಾಗುವುದು ಆಗಲೇ. ಮೈಲುತುತ್ತು ಬೇಕಾಗುವುದೂ ಆಗಲೇ.

ಕಡ ಕೊಡುವವರು ಬೇರೆ ಕಡೆಯೂ ಇದ್ದರು. ಕೊಟ್ಟವರಿಗೇ ಅಡಿಕೆ ಹಾಕಬೇಕು, ಅವರು ಹೇಳಿದ ದರಕ್ಕೇ ಹಾಕಬೇಕು ಎಂಬುದು ಅಲ್ಲಿನ ಕಟ್ಟಳೆ. ಈ ಕುಣಿಕೆಯಿಂದ ಬೆಳೆಗಾರನನ್ನು ಬಿಡಿಸಲೆಂದೇ ಅಲ್ಲವೇ 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿದ್ದು? ಅಣ್ಣಯ್ಯನವರು ಕಡ ಕೊಟ್ಟರು, ಅಡಿಕೆ ಕೇಳಲಿಲ್ಲ. ತಮ್ಮ ಒಂದೆಕರೆಯ ಫಸಲನ್ನೂ ಸಹಕಾರಿ ಮಂಡಿಗೇ ಹಾಕುತ್ತಿದ್ದರು. ಇದನ್ನು ನಾವು ತಡವಾಗಿ ತಿಳಿದೆವು. ಪದವಿ ಮುಗಿಸಿ ಊರಿಗೆ ಬಂದು ಸಂಘದ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಹಕಾರದ ಪುಸ್ತಕಗಳನ್ನು ಓದಿದ ಬಿಸಿಯಲ್ಲಿ, ಅಂಗಡಿಯವರೆಲ್ಲ ಮಧ್ಯವರ್ತಿಗಳು, ಮಧ್ಯವರ್ತಿಗಳೆಲ್ಲ ಶತ್ರುಗಳು ಎಂದು ನಾವು ತಿಳಿದಿದ್ದೆವು. ಸಭೆಗಳಲ್ಲಿ ಹಾಗೆಂದು ಭಾಷಣವನ್ನೂ ಮಾಡಿದ್ದೆವು. ಒಂದೆರಡು ಸಲ ಅಣ್ಣಯ್ಯನವರು ಎದುರಿಗೇ ಕುಳಿತಿದ್ದರು.

ಸಂಘದಿಂದ ಗೊಬ್ಬರ, ಮೈಲುತುತ್ತಿನ ಮಾರಾಟ ಶುರುವಾದಾಗ ನಮ್ಮ ದರ ಅವರದಕ್ಕಿಂತ ಕಡಿಮೆ ಇತ್ತು. ಅವರ ವ್ಯಾಪಾರಕ್ಕೆ ಪೆಟ್ಟು ಬೀಳುವುದು ಖಂಡಿತ ಎಂದು ಗೊತ್ತಿದ್ದೇ ಮಾಡಿದೆವು. ಮಾರನೆಯ ವರ್ಷ ಅವರು ಷೇರು ಹಣ ಕಟ್ಟಿ ಸದಸ್ಯರಾದರು. ಜಗಳ ತೆಗೆಯಲು ಬಂದಿದ್ದಾರೆಂದು ಆಡಳಿತ ಮಂಡಳಿಯಲ್ಲಿ ಗುಸುಗುಸು. ವಾರ್ಷಿಕ ಮಹಾಸಭೆಯಲ್ಲಿ ಅವರು ಎದ್ದು ನಿಂತು ಕೇಳಿದ್ದು ಒಂದೇ ಪ್ರಶ್ನೆ.

"ಕಾರ್ಯದರ್ಶಿಗಳೇ, ನಿಮ್ಮ ಡಿಪೋ ನಾಲ್ಕೂವರೆಗೆ ಬಾಗಿಲು ಹಾಕ್ತದೆ. ಔಷಧಿ ಹೊಡೆಯೋರು ಮರ ಇಳಿಯೋದು ಐದಕ್ಕೆ. ಮಾರನೇ ದಿನ ಹೊಳವಾಗ್ತದೋ ಇಲ್ಲವೋ ಗೊತ್ತಾಗೋದೂ ಸಂಜೆ ಮೇಲೆಯೇ. ನೀವು ಯಾರಿಗೆ ಮಾರ್ತಾ ಇದ್ದೀರಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ನಗು ಎದ್ದಿತು, ಅವರು ನಗಲಿಲ್ಲ, ಕುಳಿತುಬಿಟ್ಟರು. ಆ ಮಳೆಗಾಲದಿಂದ ಡಿಪೋ ಸಂಜೆ ಏಳರವರೆಗೆ ತೆರೆದಿರತೊಡಗಿತು. ತಮ್ಮ ಕೈಯಲ್ಲಿ ಉಳಿದಿದ್ದ ಸಂಜೆಯ ವ್ಯಾಪಾರವನ್ನೂ ಅವರು ಆ ಪ್ರಶ್ನೆಯಿಂದ ನಮಗೆ ಬಿಟ್ಟುಕೊಟ್ಟರು ಎಂಬುದು ನಮಗೆ ಹೊಳೆದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

ಔಷಧಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಬೋರ್ಡೋ ದ್ರಾವಣದ ಲೆಕ್ಕ ನಮಗೆಲ್ಲ ಬಾಯಿಪಾಠ: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆದರೆ ಸುಣ್ಣ ಹಳತಾಗಿ ಸತ್ತುಹೋಗಿದ್ದರೆ ಲೆಕ್ಕ ತಪ್ಪುತ್ತದೆ, ಎಳೆಗಾಯಿ ಸುಡುತ್ತದೆ. ಅಣ್ಣಯ್ಯನವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಹಳೆಯ ಕಬ್ಬಿಣದ ಚೂರಿ ಸದಾ ಇರುತ್ತಿತ್ತು. ಹೊಸದಾಗಿ ತೋಟ ಮಾಡುವ ಹುಡುಗರು ಬಂದರೆ ಅದನ್ನು ಕೈಗೆ ಕೊಟ್ಟು, "ದ್ರಾವಣದಲ್ಲಿ ಅದ್ದಿ ನೋಡು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಹೊಡೀಬೇಡ, ಇನ್ನಷ್ಟು ಸುಣ್ಣ ಹಾಕು" ಎನ್ನುತ್ತಿದ್ದರು. ಕೃಷಿ ಇಲಾಖೆಯ ಕರಪತ್ರದಲ್ಲೂ ಇದೇ ಮಾತು ಇರುತ್ತದೆ; ಆದರೆ ಕರಪತ್ರದ ಜೊತೆ ಚೂರಿ ಬರುವುದಿಲ್ಲ. ಕರಡದ ಕೊಟ್ಟೆ ಹೆಣೆಯುವವರು ಕಡಿಮೆಯಾಗಿ ಪ್ಲಾಸ್ಟಿಕ್ ಕೊಟ್ಟೆ ಬಂದಾಗ, ಮೊದಲು ತಮ್ಮ ತೋಟದ ಹತ್ತು ಗೊನೆಗೆ ಕಟ್ಟಿ ನೋಡಿ ಆಮೇಲೆ ಅಂಗಡಿಗೆ ತಂದರು. 2013ರಲ್ಲೂ 2018ರಲ್ಲೂ ಕೊಳೆರೋಗ ನಮ್ಮ ಸೀಮೆಯನ್ನು ಹಿಂಡಿದಾಗ ಅವರ ಒಂದೆಕರೆಯಲ್ಲೂ ಕಾಯಿ ಉದುರಿತು. ಎಲ್ಲ ತಿಳಿದವನ ತೋಟಕ್ಕೂ ಮಳೆ ಬರುತ್ತದೆ ಎಂದಿದ್ದರು.

ಊರಿಗೆ ಬಸ್ಸಿದ್ದ ಕಾಲದಲ್ಲಿ ಆ ಜಗಲಿಯೇ ನಿಲ್ದಾಣ. ಮೊದಲು ಶಂಕರ್ ಟ್ರಾನ್ಸ್‌ಪೋರ್ಟ್. ಆ ಕಂಪನಿ ನಿಂತ ಮೇಲೆ 1991ರಲ್ಲಿ ಅದರ ನೌಕರರೇ ಸೇರಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ. ಕಾರ್ಮಿಕರೇ ಮಾಲೀಕರಾದ ಬಸ್ಸು ನಮ್ಮ ತಾಲ್ಲೂಕಿನದು ಎಂದು ಹೇಳಿಕೊಳ್ಳುವಾಗ ನಮ್ಮಂಥವರ ಎದೆ ಉಬ್ಬುತ್ತಿದ್ದದ್ದು ಸಹಜ. ಕಂಡಕ್ಟರು ಪೇಪರ್ ಕಟ್ಟು, ಕೊಪ್ಪದ ಔಷಧಿ ಅಂಗಡಿಯ ಪೊಟ್ಟಣ, ಪಂಪ್‌ಸೆಟ್ಟಿನ ವಾಷರು ಎಲ್ಲವನ್ನೂ ಇಳಿಸಿ ಹೋಗುವುದು ಇಲ್ಲಿ. ಯಾರ ಮನೆಯದು ಯಾವುದು ಎಂದು ಚೀಟಿ ಅಂಟಿಸಿ, ಆ ಕಡೆ ಹೋಗುವ ಶಾಲೆಯ ಮಕ್ಕಳ ಕೈಯಲ್ಲಿ ಅಣ್ಣಯ್ಯ ಕಳಿಸುತ್ತಿದ್ದರು. ಮಗುವಿಗೆ ಕೂಲಿ ಒಂದು ಪೆಪ್ಪರಮಿಂಟು. ನಾವೂ ಆ ಕೂಲಿ ತಿಂದವರೇ.

2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ನಿಂತಿತು. ಆ ಬಗ್ಗೆ ಬರೆಯುವುದು ಬಹಳ ಇದೆ, ಇಲ್ಲಿ ಬೇಡ. ಮುಂದಿನ ತಿಂಗಳೇ ಕೊರೋನಾ ಲಾಕ್‌ಡೌನು. ಎಂಬತ್ತರ ಮುದುಕ, ಮಾಸ್ಕು ಕಟ್ಟಿಕೊಂಡು, ಜಗಲಿಯ ಕೆಳಗೆ ಸುಣ್ಣದಲ್ಲಿ ಗೆರೆ ಎಳೆದು, ಕೆಂಪು ಪುಸ್ತಕವನ್ನು ಮತ್ತೆ ತೆಗೆದರು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂದು ಪುಸ್ತಕ ಅಟ್ಟ ಸೇರಿತ್ತು.

ಅವರ ಮನೆಯ ವಿಷಯ ಬರೆಯದಿದ್ದರೆ ಈ ಲೇಖನ ಅರ್ಧವೇ. ಮೂರು ಹೆಣ್ಣುಮಕ್ಕಳು. ಗಂಡು ಮಗುವಿಲ್ಲವೆಂದು ಕನಿಕರ ತೋರಿಸಿದವರಿಗೆ, "ಇದ್ದಿದ್ದರೂ ಹೀಗೇ ಓದಿಸ್ತಿದ್ದೆ" ಎಂಬ ಉತ್ತರ. ಮೂವರೂ ಕೊಪ್ಪ, ಶೃಂಗೇರಿಗೆ ಬಸ್ಸಿನಲ್ಲಿ ಹೋಗಿ ಓದಿದರು. ಅಣ್ಣಯ್ಯನವರು ಸರಕಿಗೆಂದು ಶಿವಮೊಗ್ಗಕ್ಕೆ ಹೋದ ದಿನ ತಕ್ಕಡಿ ಹಿಡಿಯುತ್ತಿದ್ದವರು ಅತ್ತಿಗೆಮ್ಮ. ಲೆಕ್ಕದಲ್ಲಿ ಗಂಡನಿಗಿಂತ ಚುರುಕು. ತೂಕದಲ್ಲಿ ಗಂಡನಿಗಿಂತ ಧಾರಾಳ ಎಂದು ಹೆಂಗಸರ ಅಭಿಪ್ರಾಯ. ಅಂಗಡಿಯ ಹಿಂದಿನ ಬಾಗಿಲಿನಿಂದ ಅಡುಗೆಮನೆ ಕಾಣುತ್ತಿತ್ತು. ಗಿರಾಕಿ ಇಲ್ಲದಾಗ ಇಬ್ಬರೂ ಆ ಬಾಗಿಲಿನ ಎರಡು ಬದಿಗೆ ಕುಳಿತು ಮಾತಾಡುತ್ತಿದ್ದದ್ದು, ಒಮ್ಮೊಮ್ಮೆ ಮಾತಿಲ್ಲದೆ ವೀಳ್ಯ ಹಾಕಿಕೊಳ್ಳುತ್ತಿದ್ದದ್ದು ನಮ್ಮ ಕಣ್ಣಿಗೆ ಕಟ್ಟಿದಂತಿದೆ.

ಅತ್ತಿಗೆಮ್ಮನಿಗೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಹೋದವು. ಮಕ್ಕಳು ಬೆಂಗಳೂರಿಗೆ ಬನ್ನಿ ಎಂದರು. ಅತ್ತಿಗೆಮ್ಮ ತಲೆಯಾಡಿಸಲಿಲ್ಲ; ಅಣ್ಣಯ್ಯ ಹೊರಡಲಿಲ್ಲ. ಆರು ವರ್ಷ ತಾವೇ ಎಬ್ಬಿಸಿ, ಮೀಯಿಸಿ, ತಲೆ ಬಾಚಿ, ಉಣಿಸಿದರು. ನೆಂಟರ ಹೆಂಗಸೊಬ್ಬರು ಸಹಾಯಕ್ಕೆ ಬರುತ್ತಿದ್ದರಾದರೂ ಜಡೆ ಹಾಕುವುದನ್ನು ಮಾತ್ರ ಅವರಿಗೆ ಬಿಡಲಿಲ್ಲವಂತೆ. ಆ ವರ್ಷಗಳಲ್ಲಿ ಅಂಗಡಿಯ ಹಲಗೆ ತೆರೆದೇ ಇರುತ್ತಿತ್ತು, ಒಳಗೆ ಯಾರೂ ಇರುತ್ತಿರಲಿಲ್ಲ. ಬಂದವರು ತಾವೇ ತೂಗಿಕೊಂಡು, ದುಡ್ಡಿದ್ದರೆ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ತಾವೇ ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ಓದು ಬಾರದವರು ಒಳಗೆ ಕೂಗಿ ಹೇಳುತ್ತಿದ್ದರು. ಲೆಕ್ಕ ಸರಿ ಬರುತ್ತದೆಯೇ ಎಂದು ನಾವು ಸಂಘದವರ ಬುದ್ಧಿಯಲ್ಲಿ ಕೇಳಿದೆವು. "ಒಂದು ಸಲ ಸಕ್ಕರೆ ಕಡಿಮೆ ಬಂತು. ಇರುವೆಯೋ ಮನುಷ್ಯರೋ, ನಾನು ನೋಡಕ್ಕೆ ಹೋಗಲಿಲ್ಲ" ಎಂದರು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಹಿರಿಯ ಮಗಳು ಕೆಂಪು ಪುಸ್ತಕಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ನಮ್ಮ ಕಚೇರಿಗೆ ಬಂದರು. ಹನ್ನೊಂದು ಪುಸ್ತಕ. ವಸೂಲಿಗಲ್ಲ, ವಿಚಾರಕ್ಕೆ. "ಬಾಕಿ ಇದ್ದೋರು ತಾವಾಗೇ ಬಂದು ಕೊಡ್ತಿದಾರೆ. ಕೆಲವರು ಪುಸ್ತಕದಲ್ಲಿ ಇಲ್ಲದ್ದನ್ನೂ ಕೊಡ್ತೀವಿ ಅಂತಾರೆ. ತಗೊಳ್ಳಲೋ ಬೇಡವೋ? ಪುಸ್ತಕ ಇಟ್ಟುಕೊಳ್ಳಲೋ ಸುಡಲೋ?" ಎಂದು ಕೇಳಿದರು. ಪುಸ್ತಕದಲ್ಲಿ ಇದ್ದಷ್ಟನ್ನು ಕೊಟ್ಟವರಿಂದ ತೆಗೆದುಕೊಳ್ಳಿ, ಕೊಡದವರ ಹೆಸರೆತ್ತಬೇಡಿ, ಪುಸ್ತಕ ಯಾರಿಗೂ ತೋರಿಸಬೇಡಿ ಎಂದು ಹೇಳಿದೆವು. ಹೇಳಿದ ಮೇಲೆ, ತೋರಿಸಬೇಡಿ ಎಂದ ನಾವೇ, ನಮ್ಮ ಮನೆಯ ಪುಟವೊಂದನ್ನು ನೋಡಬಹುದೇ ಎಂದು ಕೇಳಿದೆವು.

ನಮ್ಮ ತಂದೆಯವರು ಯಾರ ಋಣದಲ್ಲೂ ಇಲ್ಲವೆಂದು ನಮ್ಮ ಮನೆಯಲ್ಲಿ ಹೆಮ್ಮೆಯ ಮಾತಿತ್ತು. ಸಭೆಗಳಲ್ಲಿ ಋಣದ ಕುಣಿಕೆಯ ವಿರುದ್ಧ ಮಾತಾಡುವಾಗಲೂ ಅದು ನಮ್ಮ ಬೆನ್ನಿಗಿತ್ತು. ಪುಟ ಸಿಕ್ಕಿತು. ನಾವು ಹೈಸ್ಕೂಲಿನಲ್ಲಿದ್ದ ಒಂದು ಮಳೆಗಾಲದ್ದು. ಅಕ್ಕಿ, ಸೀಮೆಎಣ್ಣೆ, ಮೈಲುತುತ್ತು, ಎರಡು ನೋಟುಪುಸ್ತಕ, ಕಂಬಳಿ ಒಂದು. ಕಂಬಳಿ ನಮಗೆ ನೆನಪಿದೆ; ಅದನ್ನು ಕೊಪ್ಪೆ ಹಾಕಿಕೊಂಡೇ ನಾವು ಶಾಲೆಗೆ ಹೋದದ್ದು. ಒಟ್ಟು ಇನ್ನೂರ ಹನ್ನೆರಡು ರೂಪಾಯಿ ಐವತ್ತು ಪೈಸೆ. ಜಮೆಯ ಕಾಲಂ ಖಾಲಿ. ತಂದೆಯವರು ಮರೆತರೋ, ಆಗಲಿಲ್ಲವೋ, ಕೇಳಲು ಇಬ್ಬರೂ ಇಲ್ಲ. ನಾವು ಮಧ್ಯವರ್ತಿಗಳ ಮೇಲೆ ಭಾಷಣ ಮಾಡಿದ ದಿನ ಎದುರಿಗೆ ಕುಳಿತಿದ್ದ ಅಣ್ಣಯ್ಯನವರಿಗೆ ಈ ಪುಟ ಗೊತ್ತಿತ್ತು.

ಬಡ್ಡಿ ಹಾಕಿ ಒಂದು ಮೊತ್ತ ಮಾಡಿ ಮಾರನೆಯ ದಿನ ಕೊಂಡೊಯ್ದೆವು. ಅವರು ಪುಸ್ತಕ ತೆಗೆದು, ಇನ್ನೂರ ಹದಿಮೂರು ರೂಪಾಯಿ ಎಣಿಸಿಕೊಂಡು ಉಳಿದದ್ದನ್ನು ನಮ್ಮ ಮುಂದಿಟ್ಟರು. "ಅಪ್ಪ ಬಡ್ಡಿ ಬರೆದಿಲ್ಲ" ಎಂದರು. ಐವತ್ತು ಪೈಸೆ ಚಿಲ್ಲರೆಗೆ ಡಬ್ಬಿಯಿಂದ ಒಂದು ಪೆಪ್ಪರಮಿಂಟು ತೆಗೆದುಕೊಟ್ಟರು.

ಸದಸ್ಯರ ಗಮನಕ್ಕೆ: ಮನೆಯವರ ಒಪ್ಪಿಗೆಯಿಂದ ಆ ಅಂಗಡಿಯ ಜಗಲಿಯನ್ನು ಸಂಘವು ಬಾಡಿಗೆಗೆ ಪಡೆದಿದೆ. ಈ ಮಳೆಗಾಲದಿಂದ ಮೈಲುತುತ್ತು, ಸುಣ್ಣ, ರಾಳ ಮತ್ತು ಕೊಟ್ಟೆ ಅಲ್ಲಿಯೂ ದೊರೆಯುತ್ತವೆ. ವೇಳೆ ಸಂಜೆ ಐದರಿಂದ ಎಂಟು. ಬೋರ್ಡು ಹಾಕಿಸಿಲ್ಲ. ಚೂರಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಒಯ್ದವರು ದಯವಿಟ್ಟು ತಂದಿಡಬೇಕು.