ಕಾಳಿನ ತೂಕವೂ ಹೂವಿನ ಕಾಲದ ನೀರೂ

ಮುಸುಕಿನ ಜೋಳದ ತೆನೆಯನ್ನು ಸುಲಿದಾಗ ಕೆಲವು ವರ್ಷ ಕಾಳುಗಳು ಸಣ್ಣವಾಗಿಯೂ ಹಗುರವಾಗಿಯೂ ಇರುವುದನ್ನು ಬೇಸಾಯಗಾರರೆಲ್ಲರೂ ಕಂಡಿರುತ್ತಾರೆ. ಬೀಜವು ಕೆಟ್ಟದ್ದೆಂದೋ ಗೊಬ್ಬರವು ಸಾಲಲಿಲ್ಲವೆಂದೋ ಹೇಳುವುದು ವಾಡಿಕೆ. ಆದರೆ ಹೂವಿನ ಕಾಲದಲ್ಲಿ ನೀರು ತಪ್ಪಿದುದೂ ಇದಕ್ಕೊಂದು ಮುಖ್ಯ ಕಾರಣವೆಂದು ತಿಳಿಯತಕ್ಕದ್ದು.

ಸಸ್ಯದ ಸಕಲ ಅಂಗಗಳೂ ಕಣ್ಣಿಗೆ ಕಾಣದ ಜೀವಕೋಶಗಳಿಂದಾದವು. ಒಂದು ಕೋಶವು ಎರಡಾಗಿ, ಎರಡು ನಾಲ್ಕಾಗಿ ವಿಭಾಗಗೊಳ್ಳುವುದರಿಂದ ಬೆಳವಣಿಗೆಯುಂಟಾಗುತ್ತದೆ. ಈ ಕಾರ್ಯವನ್ನು ಕೈನೇಸ್ ಎಂಬ ಕಿಣ್ವಗಳು ನಿಯಮಿಸುತ್ತವೆ. ಇವು ಇತರ ಪ್ರೋಟೀನುಗಳಿಗೆ ಫಾಸ್ಫೇಟನ್ನು ಸೇರಿಸಿ, ಅವುಗಳನ್ನು ಕೆಲಸಕ್ಕೆ ಹಚ್ಚುತ್ತವೆ ಅಥವಾ ತಡೆಯುತ್ತವೆ. ಅಪ್ಪಣೆಯಿಲ್ಲದೆ ನೀರುಗಂಟಿಯು ಕೆರೆಯ ತೂಬನ್ನು ಎತ್ತದಿರುವಂತೆ, ಸೈಕ್ಲಿನ್ ಎಂಬ ಪ್ರೋಟೀನು ಜೊತೆಗೂಡದೆ ವಿಭಜನೆಯ ಕೈನೇಸು ಕಾರ್ಯಮಾಡಲಾರದು. ಹಾರ್ಟ್‌ವೆಲ್ ಮತ್ತು ನರ್ಸ್ ಎಂಬ ವಿಜ್ಞಾನಿಗಳು ಯೀಸ್ಟಿನಲ್ಲಿಯೂ, 1982ರಲ್ಲಿ ಹಂಟ್ ಎಂಬವರು ಸಮುದ್ರದ ಮುಳ್ಳುಪ್ರಾಣಿಯೊಂದರ ಮೊಟ್ಟೆಗಳಲ್ಲಿಯೂ ಈ ವ್ಯವಸ್ಥೆಯ ಅಂಗಗಳನ್ನು ಕಂಡುಹಿಡಿದರು. ಈ ಮೂವರಿಗೆ 2001ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಇದೇ ಬಗೆಯ ಕಿಣ್ವಗಳು ಸಸ್ಯಗಳಲ್ಲಿಯೂ ಇವೆ.

ಬೇರಿಗೆ ನೀರು ಸಾಲದೆ ಹೋದಾಗ ಸಸ್ಯದಲ್ಲಿ ಅಬ್ಸಿಸಿಕ್ ಆಮ್ಲವು ಹೆಚ್ಚುತ್ತದೆ. ಸಾಸಿವೆಯ ಕುಲಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಚಿಕ್ಕ ಗಿಡದಲ್ಲಿ, ಈ ಆಮ್ಲವು ಕೈನೇಸನ್ನು ತಡೆಯುವ ಒಂದು ಪ್ರೋಟೀನನ್ನು ಹೆಚ್ಚಿಸುವುದೆಂದು ತಿಳಿದುಬಂದಿದೆ. ಕಷ್ಟಕಾಲದಲ್ಲಿ ಹೊಸ ಸಂಸಾರ ಹೂಡದೆ ಇರುವುದನ್ನು ಉಳಿಸಿಕೊಳ್ಳುವುದು ಸಸ್ಯದ ನೀತಿ.

ಇದರಿಂದ ಕಾಳಿಗೆ ಒದಗುವ ನಷ್ಟವನ್ನು ಗಮನಿಸಿರಿ. ಮುಸುಕಿನ ಜೋಳದಲ್ಲಿ ಪರಾಗವು ಸೇರಿದ ಸುಮಾರು ಎರಡು ವಾರಗಳೊಳಗೆ ಕಾಳಿನ ಹಿಟ್ಟಿನ ಭಾಗದ ಕೋಶವಿಭಜನೆಯು ಬಹುಮಟ್ಟಿಗೆ ಮುಗಿಯುತ್ತದೆ. ತರುವಾಯ ಆ ಕೋಶಗಳಲ್ಲಿ ಪಿಷ್ಟವು ತುಂಬುತ್ತದೆ. ಕೋಶಗಳು ಕಣಜಗಳಿದ್ದಂತೆ. ಆ ದಿನಗಳಲ್ಲಿ ನೀರಿಲ್ಲದೆ ಕಣಜಗಳ ಸಂಖ್ಯೆಯೇ ಕುಗ್ಗಿದರೆ, ಆಮೇಲೆ ಎಷ್ಟು ನೀರು ಹಾಯಿಸಿದರೂ ಆ ಕೊರತೆಯು ತುಂಬುವುದಿಲ್ಲ. ಹೂವಿನ ಸಮಯದಲ್ಲಿಯೇ ನೆಲವು ಒಣಗಿದರೆ ಪರಾಗವು ಸರಿಯಾಗಿ ಕೂಡದೆ ಕಾಳುಗಳ ಲೆಕ್ಕವೂ ಕಡಿಮೆಯಾಗುವುದು.

ಆದುದರಿಂದ ಕೆರೆಯಲ್ಲಿಯಾಗಲಿ ಬಾವಿಯಲ್ಲಿಯಾಗಲಿ ನೀರು ಕಡಿಮೆಯಿರುವ ವರ್ಷ, ಇರುವುದನ್ನೆಲ್ಲಾ ಮೊದಲೇ ಹಾಯಿಸಿ ಮುಗಿಸಬಾರದು. ತೆನೆಯ ತುದಿಯಲ್ಲಿ ರೇಷ್ಮೆಯಂಥ ಎಳೆಗಳು ಹೊರಡುವಾಗಲೂ ಅನಂತರದ ಎರಡು ವಾರಗಳಲ್ಲಿಯೂ ನೆಲದ ಹಸಿ ಆರದಂತೆ ನೀರನ್ನು ಕಾದಿರಿಸಬೇಕು. ನೀರು ಸಾಲದೆಂದು ತೋರಿದರೆ ಬಿತ್ತನೆಯ ವಿಸ್ತೀರ್ಣವನ್ನು ಮೊದಲೇ ತಗ್ಗಿಸುವುದು ಲೇಸು. ಗ್ರಾಮದ ಮುಖಂಡರೂ ಭೂಮಾಲೀಕರೂ ನೀರಿನ ಸರದಿಯನ್ನು ಗೊತ್ತುಮಾಡುವಾಗ ಯಾರ ಹೊಲದಲ್ಲಿ ಹೂವು ಮೂಡಿದೆಯೆಂಬುದನ್ನು ವಿಚಾರಿಸಿ, ಅಂಥವರಿಗೆ ಮೊದಲ ಸರದಿಯನ್ನು ಕೊಡಿಸಿದರೆ ಊರಿಗೆಲ್ಲಾ ಹಿತವಾಗುವುದು.