ಖಾರಿಯ ಕಂಠ

ಪೂರ್ವಕ್ಕೆ ವಿಜಾಪುರದ ಗೋಳಗುಮ್ಮಟ, ಪಶ್ಚಿಮಕ್ಕೆ ಗಾಯಕ ಖಾನ್‌ಸಾಹೇಬ ಅಬ್ದುಲ್ ಕರೀಂಖಾನರು ನೆಲೆಸಿದ್ದ ಮಿರಜ. ಇವೆರಡರ ನಡುವಿನ ಜತ್ತ ಸೀಮೆಯ ಮಾಡಗ್ಯಾಳದಂತಹ ಊರುಗಳಲ್ಲಿ ಬೆಳೆದ ಕಿವಿಗೆ ನಾದವೆಂಬುದು ಅಪರಿಚಿತವಲ್ಲ. ಆದರೂ ಖಾರಿ ಎನಿಸಿದ ನುರಿತ ಪಠಣಕಾರನು ಕುರಾನನ್ನು ಪಠಿಸುವಾಗ ಹೊಮ್ಮುವ ಮಾಧುರ್ಯವನ್ನು ಗಾಯನದ ಮಾಧುರ್ಯವೆಂದೇ ಬಗೆದರೆ ಅದರ ಮರ್ಮ ನಮಗೆ ದಕ್ಕದು. ಗಾಯಕನು ಆಲಾಪದಲ್ಲಿ ಬೇಕಾದ ಅಕ್ಷರವನ್ನು ಬೇಕಾದಷ್ಟು ಹೊತ್ತು ಹಿಡಿದು ನಿಲ್ಲಬಲ್ಲನು. ಖಾರಿಗೆ ಆ ಸ್ವಾತಂತ್ರ್ಯವಿಲ್ಲ. ‘ಮದ್ದ್’ ಎನಿಸುವ ದೀರ್ಘವು ಸಹಜವಾಗಿ ಎರಡು ಮಾತ್ರೆ, ಕೆಲವೆಡೆ ನಾಲ್ಕೋ ಐದೋ, ಹೆಚ್ಚೆಂದರೆ ಆರು. ಅರಬ್ಬಿಯಲ್ಲಿ ಹ್ರಸ್ವವನ್ನು ಎಳೆದರೆ ಅರ್ಥವೇ ಬೇರೆಯಾದೀತು.

ಇಂಥ ಪಠಣನಿಯಮಗಳ ಶಾಸ್ತ್ರಕ್ಕೆ ತಜ್ವೀದ್ ಎಂದು ಹೆಸರು. 1350ರಲ್ಲಿ ಡಮಾಸ್ಕಸ್ಸಿನಲ್ಲಿ ಜನಿಸಿದ ಇಬ್ನ್ ಅಲ್ ಜಝರಿಯು ಅಕ್ಷರೋತ್ಪತ್ತಿಯ ಸ್ಥಾನಗಳನ್ನು 17 ಎಂದು ಗಣಿಸಿದನು. ಅವುಗಳಲ್ಲಿ ಮೂರು ಗಂಟಲಿನೊಳಗೇ ಇವೆ. ದ್ವಿತ್ವಗೊಂಡ ನಕಾರ ಮಕಾರಗಳು ಎರಡು ಮಾತ್ರೆಯ ಕಾಲ ಮೂಗಿನಲ್ಲಿ ಅನುರಣಿಸುವುದು ‘ಗುನ್ನಾ’. ಆಗ ಕಿರುನಾಲಿಗೆಯ ಬಳಿಯ ಮೃದುತಾಲು ಕೆಳಗಿಳಿದು ನಾಸಾಕುಹರವು ತೆರೆದುಕೊಳ್ಳುವುದರಿಂದ ಮೇಲಿನ ಕಂಪನಗಳು ಕುಗ್ಗಿ, ತಗ್ಗಿನವು ಉಳಿದು, ಮೃದುವಾದ ಝೇಂಕಾರವುಂಟಾಗುತ್ತದೆ. ಸ್ವರವಿಲ್ಲದ ನಕಾರದ ಮುಂದೆ ಬಕಾರ ಬಂದರೆ, ನಮ್ಮ ‘ಅಂಬರ’ದ ಬಿಂದುವಿನಂತೆ, ಅದು ಮಕಾರವಾಗಿಯೇ ನುಡಿಯುತ್ತದೆ. ಏಳು ಘನಾಕ್ಷರಗಳಲ್ಲಿ ನಾಲಿಗೆಯ ಹಿಂಭಾಗವು ಮೇಲಕ್ಕೇರುವುದರಿಂದ ಪಕ್ಕದ ಸ್ವರಕ್ಕೂ ಗಾಂಭೀರ್ಯ ಬರುತ್ತದೆ. ನನಗೆ ಅತ್ಯಂತ ಸೂಕ್ಷ್ಮವೆನಿಸುವುದು ‘ಕಲ್ಕಲಾ’: ಐದು ಸ್ಪರ್ಶಾಕ್ಷರಗಳು ಸ್ವರವಿಲ್ಲದೆ ನಿಂತಾಗ ಬಾಯಲ್ಲೇ ಅಡಗಿಹೋಗದಂತೆ ಅವಕ್ಕೆ ಕೊಡುವ ಕಿರಿದಾದ ಪುಟಿತ, ಅದು ಸ್ವರವಾಗಿ ಬೆಳೆಯಲೂ ಕೂಡದು, ಮೌನವಾಗಿ ಅಳಿಯಲೂ ಕೂಡದು.

ಉಸಿರಿನ ಶಿಸ್ತು ಇನ್ನೂ ಕಠಿನ. ಎಲ್ಲಿ ನಿಲ್ಲಬೇಕೆಂಬುದನ್ನು ಅರ್ಥವು ನಿರ್ಣಯಿಸುತ್ತದೆ. ನಡುವೆ ಉಸಿರು ತೀರಿದರೆ ಹಿಂದಣ ಪದಗಳಿಗೆ ಮರಳಿ ಅರ್ಥವನ್ನು ಕೂಡಿಸಿಕೊಂಡೇ ಮುಂದುವರಿಯಬೇಕು. ದೀರ್ಘ ಆಯತ್ತುಗಳನ್ನು (ಕುರಾನಿನ ವಚನಗಳನ್ನು) ಒಂದೇ ಉಸಿರಿನಲ್ಲಿ ಏರಿಸಿ ಇಳಿಸುತ್ತಿದ್ದ ಈಜಿಪ್ತಿನ ಅಬ್ದುಲ್ ಬಾಸಿತ್ ಅವರ ಕೀರ್ತಿ ಲೋಕವ್ಯಾಪಿಯಾದುದು ಈ ಬಲದಿಂದ. ಅದೇ ದೇಶದ ಅಲ್ ಹುಸರಿಯವರು ರಾಗಾಲಂಕಾರವನ್ನು ಮಿತಗೊಳಿಸಿ 1961ರ ವೇಳೆಗೆ ಸಂಪೂರ್ಣ ಕುರಾನನ್ನು ಧ್ವನಿಮುದ್ರಿಸಿದರು. ಕಲಿಯುವವರು ಮೊದಲು ಆಲಿಸಬೇಕಾದುದು ಇವರನ್ನೇ ಎಂಬುದು ನನ್ನ ನಂಬಿಕೆ. ಒಂದೊಂದು ಅಕ್ಷರವೂ ಅಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಗೋಳಗುಮ್ಮಟದ ಕೆಳಗೆ ನುಡಿದ ಮಾತು ಹಲವು ಬಾರಿ ಮಾರ್ದನಿಗೊಟ್ಟು ಒಂದರ ಮೇಲೊಂದು ಬೀಳುವುದನ್ನು ಈ ಸೀಮೆಯವರು ಬಲ್ಲರು. ಖಾರಿಯ ಪಠಣಕ್ಕೆ ಧ್ವನಿವರ್ಧಕದಲ್ಲಿ ಕೃತಕ ಮಾರ್ದನಿಯನ್ನು ಬೆರೆಸಿದಾಗಲೂ ಹೀಗೆಯೇ ಆಗುವುದು: ಕಂಠವು ವಿಶಾಲವಾದಂತೆ ತೋರಿದರೂ, ಹಿಂದಿನ ಅಕ್ಷರದ ಬಾಲವು ಮುಂದಿನದರ ಮೇಲೆ ಹರಿದು, ವರ್ಷಗಟ್ಟಲೆ ಉಸ್ತಾದರೆದುರು ಕುಳಿತು ತಿದ್ದಿಕೊಂಡ ಆ ಕಲ್ಕಲಾದ ಪುಟಿತವೇ ಮೊದಲು ಮುಚ್ಚಿಹೋಗುತ್ತದೆ.