ವಕೀಲನ ಮಾತು, ಮಾಳಿಗೆಯ ಹೊಣೆ

ನಂಬಿಕೆಯೆಂಬುದು ಮನುಷ್ಯನ ನಿತ್ಯವ್ಯವಹಾರದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದು ಕೈಕೊಟ್ಟ ದಿನದವರೆಗೂ ಅದರ ಇರವು ನಮ್ಮ ಗಮನಕ್ಕೇ ಬರುವುದಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯ ಬೀದಿಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಾಡುವ ಜನರಲ್ಲಿ, ತಲೆಯ ಮೇಲಿನ ಮಾಳಿಗೆಯನ್ನು ಪರೀಕ್ಷಿಸಿ ಹೆಜ್ಜೆಯಿಡುವವರು ಎಷ್ಟು ಮಂದಿ? ಮನೆಯ ಯಜಮಾನನು ಗೋಡೆಯನ್ನು ನೋಡಿಕೊಂಡಿದ್ದಾನೆಂದು ದಾರಿಹೋಕನು ಭಾವಿಸಿಯೇ ನಡೆಯುತ್ತಾನೆ. ಅಂತೆಯೇ ವಕಾಲತ್ತಿಗೆ ಸಹಿ ಹಾಕಿದ ಕಕ್ಷಿದಾರನು, ಇನ್ನು ತನ್ನ ಪರವಾಗಿ ಕೋರ್ಟಿನಲ್ಲಿ ಒಬ್ಬರು ನಿಂತಿರುತ್ತಾರೆಂಬ ಧೈರ್ಯದಿಂದ ಊರಿಗೆ ಮರಳುತ್ತಾನೆ. ಈ ಎರಡು ನಂಬಿಕೆಗಳು ಮುರಿದಾಗ ನಮ್ಮ ಸಿವಿಲ್ ನ್ಯಾಯಾಲಯಗಳು ಏನು ಹೇಳಿವೆಯೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಈ ವಿಚಾರಕ್ಕೆ ಬಳ್ಳಾರಿಯು ಹೊರಗಿನ ಊರಲ್ಲ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ ಮೇಲೆ, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ, ಇದು ಮದರಾಸಿನ ಆಡಳಿತಕ್ಕೂ ಮದರಾಸಿನ ನ್ಯಾಯಪದ್ಧತಿಗೂ ಒಳಪಟ್ಟಿತ್ತು. ಬ್ರೂಸ್‌ಪೇಟೆ, ಮೆಲ್ಲರ್‌ಪೇಟೆ ಎಂಬ ಹೆಸರುಗಳೇ ಇಲ್ಲಿದ್ದ ಇಬ್ಬರು ಬ್ರಿಟಿಷ್ ಅಧಿಕಾರಿಗಳ ನೆನಪನ್ನು ಉಳಿಸಿಕೊಂಡಿವೆ. ಈ ಊರಿನ ವಕೀಲಿಗೆ ಇನ್ನೊಂದು ವೈಶಿಷ್ಟ್ಯವೂ ಉಂಟು. ತೆಲುಗು ನಾಟಕಸಾಹಿತ್ಯದ ಆದ್ಯರೆನಿಸಿದ ಧರ್ಮವರಂ ರಾಮಕೃಷ್ಣಮಾಚಾರ್ಯರು ಇಲ್ಲಿಯ ವಕೀಲರು. ಐತಿಹಾಸಿಕ ನಾಟಕಗಳನ್ನು ರಚಿಸಿದ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರು. ರಂಗಭೂಮಿಯಲ್ಲಿ ದೇಶಪ್ರಸಿದ್ಧರಾದ ಬಳ್ಳಾರಿ ರಾಘವರೂ (1880–1946) ಹಗಲು ಕೋರ್ಟಿನಲ್ಲಿ ವಾದಿಸಿ ರಾತ್ರಿ ಬಣ್ಣ ಹಚ್ಚಿದವರೇ. ಒಪ್ಪಿಕೊಂಡ ಪಾತ್ರವನ್ನು ಅಂಕದ ನಡುವೆ ಬಿಟ್ಟು ಹೊರಟರೆ ನಾಟಕದ ಗತಿಯೇನಾಗುತ್ತದೆಂಬುದನ್ನು ಇವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ದಾವೆಯ ನಡುವೆ ವಕೀಲನು ಹೊರಟರೆ? ನಾಟಕವಾದರೆ ಮರುದಿನ ಮತ್ತೆ ಆಡಬಹುದು. ದಾವೆಯಲ್ಲಿ ಅಷ್ಟರೊಳಗೆ ಡಿಕ್ರಿಯೇ ಆಗಿಹೋಗಿರಬಹುದು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೆಯ ಆದೇಶದ 4ನೆಯ ನಿಯಮವು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ವಕಾಲತ್ತು ಒಮ್ಮೆ ಕೋರ್ಟಿಗೆ ಸೇರಿದ ಮೇಲೆ, ಕಕ್ಷಿದಾರನಾಗಲಿ ವಕೀಲನಾಗಲಿ ಸಹಿಮಾಡಿದ ಬರಹವೊಂದನ್ನು ಸಲ್ಲಿಸಿ, ನ್ಯಾಯಾಲಯದ ಅನುಮತಿ ಪಡೆದು ಅದನ್ನು ಕೊನೆಗಾಣಿಸುವವರೆಗೆ, ಇಲ್ಲವೆ ಇಬ್ಬರಲ್ಲಿ ಒಬ್ಬರು ಮರಣಹೊಂದುವವರೆಗೆ, ಅಥವಾ ಆ ಕಕ್ಷಿದಾರನ ಮಟ್ಟಿಗೆ ದಾವೆಯ ಎಲ್ಲ ನಡವಳಿಗಳೂ ಮುಗಿಯುವವರೆಗೆ, ಅದು ಜಾರಿಯಲ್ಲಿಯೇ ಇರುತ್ತದೆ. ಕಕ್ಷಿದಾರನೊಡನೆ ಜಗಳವಾಡಿಕೊಂಡು ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟ ಮಾತ್ರಕ್ಕೆ ವಕೀಲನ ಹೊಣೆ ತೀರಿತೆಂದಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಇದನ್ನೇ ಸಮರ್ಥಿಸುತ್ತವೆ: ಒಪ್ಪಿಕೊಂಡ ಕೆಲಸವನ್ನು ಸಾಕಷ್ಟು ಕಾರಣವಿಲ್ಲದೆ, ಕಕ್ಷಿದಾರನಿಗೆ ಯೋಗ್ಯವಾದ ಮುನ್ಸೂಚನೆ ಕೊಡದೆ, ಸಾಮಾನ್ಯವಾಗಿ ಬಿಡತಕ್ಕದ್ದಲ್ಲ, ಬಿಟ್ಟರೆ, ದುಡಿಯದೆ ಉಳಿದ ಭಾಗದ ಫೀಜನ್ನು ಹಿಂದಿರುಗಿಸತಕ್ಕದ್ದು.

ಹಾಗೆಂದು ವಕೀಲನು ಕಕ್ಷಿದಾರನ ಬಂಧಿಯೂ ಅಲ್ಲ. ಮೊಕದ್ದಮೆಯಲ್ಲಿ ತಾನೇ ಸಾಕ್ಷಿಯಾಗಬೇಕಾದ ಸಂದರ್ಭ ಬಂದರೆ ವಕೀಲನು ಹಿಂದೆ ಸರಿಯಬೇಕೆಂದು ನಿಯಮಗಳೇ ಹೇಳುತ್ತವೆ. ಕಕ್ಷಿದಾರನು ಸುಳ್ಳನ್ನೇ ಪ್ರಮಾಣಮಾಡಿ ಹೇಳಿಸಬೇಕೆಂದು ಹಟಹಿಡಿದರೆ, ಆತ್ಮಗೌರವವುಳ್ಳ ವಕೀಲನಿಗೆ ಹೊರಬರುವುದೇ ಧರ್ಮ. ತೊಡಕಿರುವುದು ಹೊರಬರುವ ರೀತಿಯಲ್ಲಿ. ನಮ್ಮ ಕೋರ್ಟುಗಳಲ್ಲಿ ಒಂದು ಸಾಲಿನ ಮೆಮೊ ಬಹಳ ಬಳಕೆಯಲ್ಲಿದೆ: ಕಕ್ಷಿದಾರರಿಂದ ಸೂಚನೆಗಳಿಲ್ಲ, ಆದ್ದರಿಂದ ನಿವೃತ್ತನಾಗುತ್ತೇನೆ, ಎಂದು. ಸಿರುಗುಪ್ಪದ ಗದ್ದೆಯಲ್ಲಿ ಭತ್ತದ ನಾಟಿಯಲ್ಲಿ ತೊಡಗಿರುವ ರೈತನಿಗೆ ಈ ಒಂದು ಸಾಲಿನ ಸುದ್ದಿ ತಲಪುವ ಹೊತ್ತಿಗೆ ಅವನ ಮೇಲೆ ಏಕಪಕ್ಷೀಯ ಡಿಕ್ರಿಯಾಗಿ, ಅಮೀನನು ಬಾಗಿಲಿಗೆ ಬಂದಿರಬಹುದು.

ಈ ಅನ್ಯಾಯವನ್ನು ಸರ್ವೋಚ್ಚ ನ್ಯಾಯಾಲಯವು ಗಮನಿಸದೆ ಬಿಟ್ಟಿಲ್ಲ. 1993ರ ತಾಹಿಲ್‌ರಾಮ್ ಸದಾರಂಗಾನಿ ಪ್ರಕರಣದಲ್ಲಿಯೂ, 1998ರ ಮಲ್ಕಿಯತ್ ಸಿಂಗ್ ಪ್ರಕರಣದಲ್ಲಿಯೂ, ವಕೀಲನು ಹಿಂದೆ ಸರಿದಾಗ ಕಕ್ಷಿದಾರನಿಗೆ ಹೊಸದಾಗಿ ನೋಟೀಸು ಕಳುಹಿಸಿ, ಬೇರೆ ಏರ್ಪಾಡು ಮಾಡಿಕೊಳ್ಳಲು ಅವಕಾಶ ಕೊಟ್ಟ ಮೇಲೆಯೇ ಮುಂದುವರಿಯಬೇಕಾಗಿತ್ತೆಂದು ಅದು ತಿಳಿಸಿತು. ಅದಕ್ಕೂ ಹಿಂದೆ, 1981ರ ರಫೀಕ್ ಪ್ರಕರಣದಲ್ಲಿ, ತಕ್ಕ ವಕೀಲನನ್ನು ನೇಮಿಸಿ ತನ್ನ ಕರ್ತವ್ಯವನ್ನು ಮುಗಿಸಿದ ಹಳ್ಳಿಗನು ಆ ವಕೀಲನು ಕೋರ್ಟಿಗೆ ಹಾಜರಾದನೇ ಎಂದು ಕಾವಲು ಕಾಯಬೇಕಾಗಿಲ್ಲ, ವಕೀಲನ ತಪ್ಪಿಗೆ ನಿರಪರಾಧಿಯಾದ ಕಕ್ಷಿದಾರನು ದಂಡ ತೆರಬಾರದು, ಎಂಬ ಉದಾರವಾದ ತತ್ತ್ವವನ್ನು ನ್ಯಾಯಾಲಯವು ಎತ್ತಿಹಿಡಿದಿತ್ತು. ಆದರೆ ಇದನ್ನು ಎಲ್ಲರೂ ಗುರಾಣಿಯಾಗಿ ಹಿಡಿಯುವಂತಿಲ್ಲ. 1993ರ ಸಲೀಲ್ ದತ್ತಾ ಪ್ರಕರಣದಲ್ಲಿ ಪ್ರತಿವಾದಿಯಾಗಿದ್ದುದು ಕಲ್ಕತ್ತೆಯ ಒಂದು ಕಂಪನಿ. ವಕೀಲರ ಸಲಹೆಯಂತೆ ಗೈರುಹಾಜರಾದೆವೆಂಬ ಅದರ ನೆಪವನ್ನು ನ್ಯಾಯಾಲಯವು ಒಪ್ಪಲಿಲ್ಲ. ರಫೀಕ್ ಪ್ರಕರಣದ ಮಾತು ಎಲ್ಲ ಸಂದರ್ಭಗಳಿಗೂ ಅನ್ವಯಿಸುವ ಸೂತ್ರವಲ್ಲವೆಂದು ಸ್ಪಷ್ಟಪಡಿಸಿತು. ತಿಳಿವಳಿಕೆಯೂ ಅನುಕೂಲವೂ ಉಳ್ಳವನಿಂದ ಕಾನೂನು ಹೆಚ್ಚಿನ ಎಚ್ಚರವನ್ನು ಬಯಸುತ್ತದೆ.

ಫೀಜಿನ ಬಾಕಿಯ ಮಾತೂ ಇಲ್ಲಿ ಬಾರದೆ ಇರದು. ಭೋಪಾಲದ ಸಹಕಾರಿ ಬ್ಯಾಂಕೊಂದರ ವಕೀಲರು, ತಮಗೆ ಬರಬೇಕಾದ ಹಣ ಬರುವವರೆಗೆ ಕಡತಗಳನ್ನು ಕೊಡುವುದಿಲ್ಲವೆಂದು ಹಿಡಿದಿಟ್ಟುಕೊಂಡರು. ಆರ್. ಡಿ. ಸಕ್ಸೇನಾ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಕ್ಷಿದಾರನ ಕಾಗದಪತ್ರಗಳ ಮೇಲೆ ವಕೀಲನಿಗೆ ಒತ್ತೆಯ ಹಕ್ಕಿಲ್ಲವೆಂದು ತೀರ್ಮಾನಿಸಿತು. ಬಾಕಿಗಾಗಿ ಆತನು ಬೇರೆ ದಾವೆ ಹೂಡಬಹುದು. ಕಡತವನ್ನು ಅಡವಿನ ಒಡವೆಯಂತೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಾಗದು. ವಕೀಲನನ್ನು ಬದಲಿಸುವ ಸ್ವಾತಂತ್ರ್ಯವು ಕಕ್ಷಿದಾರನಿಗೆ ಉಳಿಯಬೇಕಾದರೆ ಕಡತವು ಅವನ ಕೈಗೆ ಬರಲೇಬೇಕಷ್ಟೆ.

ಇನ್ನು ಮಾಳಿಗೆಯ ಹೊಣೆಯ ಕಡೆಗೆ ತಿರುಗೋಣ. ತನ್ನ ಸ್ವತ್ತಿನಿಂದ ಇತರರಿಗೆ ಆದ ಹಾನಿಗೆ ಒಡೆಯನು ಎಷ್ಟರಮಟ್ಟಿಗೆ ಬಾಧ್ಯನು? ಇಂಗ್ಲೆಂಡಿನಲ್ಲಿ 1868ರ ರೈಲಾಂಡ್ಸ್ ಪ್ರಕರಣವು, ಅಪಾಯಕರವಾದ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟವನು, ಅದು ತಪ್ಪಿಸಿಕೊಂಡು ನೆರೆಯವನಿಗೆ ಕೇಡು ಮಾಡಿದರೆ, ತನ್ನ ಅಲಕ್ಷ್ಯವಿಲ್ಲದಿದ್ದರೂ ಹೊಣೆಗಾರನೆಂದು ಸಾರಿತು. ಅಲ್ಲಿ ಹರಿದದ್ದು ಗಿರಣಿಯ ಕೊಳದ ನೀರು. ನಮ್ಮ ಮದರಾಸು ಸೀಮೆಯ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಭಾರಿ ಮಳೆಗೆ ಒಡೆದು ರೈಲುದಾರಿಯನ್ನು ಹಾಳುಮಾಡಿದಾಗ, ಮದರಾಸು ರೈಲ್ವೆ ಕಂಪನಿಯು ಅದೇ ನ್ಯಾಯವನ್ನು ಬೇಡಿತು. 1874ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ಒಪ್ಪಲಿಲ್ಲ. ಈ ದೇಶದ ಕೆರೆಗಳು ಅನಾದಿಕಾಲದಿಂದ ಪ್ರಜೆಗಳ ಜೀವನಾಧಾರ. ಅವನ್ನು ಕಾಪಾಡುವುದು ಜಮೀನ್ದಾರನ ಕರ್ತವ್ಯವೇ ಆಗಿರುವಾಗ, ಅಲಕ್ಷ್ಯವು ಸಿದ್ಧವಾಗದ ಹೊರತು ಅವನನ್ನು ಹೊಣೆಮಾಡಲಾಗದು ಎಂದಿತು. ದರೋಜಿಯಂಥ ಕೆರೆಯ ಏರಿಯನ್ನು ಕಂಡ ಬಳ್ಳಾರಿಯ ಜನಕ್ಕೆ ಈ ತೀರ್ಪಿನ ಮರ್ಮವನ್ನು ವಿವರಿಸಬೇಕಾಗಿಲ್ಲ. ಪರದೇಶದ ಸೂತ್ರವನ್ನು ನಮ್ಮ ನೆಲದ ಬದುಕಿನ ಮೇಲೆ ಇಟ್ಟು ಅಳೆದ ವಿವೇಕ ಅದರಲ್ಲಿದೆ.

ಕಟ್ಟಡದ ವಿಷಯದಲ್ಲಿ ನಮಗೆ ದಾರಿದೀಪವಾಗಿರುವುದು 1966ರ ಸುಭಾಗ್ವಂತಿ ಪ್ರಕರಣ. ದಿಲ್ಲಿಯ ಚಾಂದನಿ ಚೌಕದಲ್ಲಿ, ಪುರಭವನದ ಎದುರಿಗಿದ್ದ ಗಡಿಯಾರ ಗೋಪುರವು ಕುಸಿದು ದಾರಿಹೋಕರು ಮಡಿದರು. ಗೋಪುರವು ಪುರಸಭೆಯದು, ಅದಕ್ಕೆ ಸುಮಾರು 80 ವರ್ಷ ವಯಸ್ಸು. ಅಂಥ ಗಾರೆಯ ಕಟ್ಟಡದ ಆಯುಸ್ಸು 40–45 ವರ್ಷವೆಂದೂ, ಗಾರೆಯು ಅಂಟುವ ಗುಣವನ್ನು ಕಳೆದುಕೊಂಡು ಪುಡಿಯಾಗಿತ್ತೆಂದೂ ನಿವೃತ್ತ ಮುಖ್ಯ ಇಂಜಿನಿಯರರು ಸಾಕ್ಷ್ಯ ನುಡಿದರು. ದೋಷವು ಹೊರಗೆ ಕಾಣುತ್ತಿರಲಿಲ್ಲವೆಂಬ ಪುರಸಭೆಯ ವಾದವು ನಿಲ್ಲಲಿಲ್ಲ. ಗೋಪುರವು ತಾನಾಗಿ ಬಿತ್ತೆಂಬುದೇ ಅಲಕ್ಷ್ಯಕ್ಕೆ ಸಾಕ್ಷಿ ನುಡಿಯುತ್ತದೆ. ಹೆದ್ದಾರಿಯ ಪಕ್ಕದಲ್ಲಿ ಕಟ್ಟಡವುಳ್ಳವನು ಅದರ ಶಿಥಿಲತೆ ತನಗೆ ತಿಳಿದಿರಲಿಲ್ಲವೆಂದು ಹೇಳಿ ಪಾರಾಗಲಾರನು, ಎಂದು ನ್ಯಾಯಾಲಯವು ನಿರ್ಣಯಿಸಿತು. ಇಂಗ್ಲೆಂಡಿನಲ್ಲಿ ಇಂಥ ಹೊಣೆಗೆ 1957ರಲ್ಲಿ ಪ್ರತ್ಯೇಕ ಶಾಸನವಾಯಿತು. ನಮ್ಮಲ್ಲಿ ಅಂಥ ಶಾಸನವಿಲ್ಲ. ನ್ಯಾಯಾಧೀಶರ ತೀರ್ಪುಗಳೇ ಆ ಸ್ಥಾನವನ್ನು ತುಂಬಿವೆ.

ಆದರೆ ತತ್ತ್ವವು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಕೋರ್ಟಿನ ಮುಂದೆ ಇಡುವುದು ವಾದಪತ್ರ. ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಬ್ರೂಸ್‌ಪೇಟೆಯ ಹಳೆಯ ಅಂಗಡಿಸಾಲಿನ ಮಾಳಿಗೆಗೋಡೆಯೊಂದು ಮಳೆಗಾಲದಲ್ಲಿ ಉರುಳಿ, ಜೀನ್ಸ್ ಹೊಲಿಯುವ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬಳ ಕೈ ಮುರಿಯಿತೆನ್ನಿ. ಪ್ರತಿವಾದಿಯು ಅಲಕ್ಷ್ಯದಿಂದ ವರ್ತಿಸಿ ವಾದಿಗೆ ನಷ್ಟವುಂಟುಮಾಡಿದ್ದಾನೆ, ಎಂದಷ್ಟೇ ಬರೆದರೆ ಸಾಲದು. ಸಂಹಿತೆಯ 6ನೆಯ ಆದೇಶವು ಸಾರಭೂತವಾದ ಸಂಗತಿಗಳನ್ನು ಕೇಳುತ್ತದೆ; ಅವನ್ನು ಸಿದ್ಧಪಡಿಸುವ ಸಾಕ್ಷ್ಯವನ್ನು ಆ ಹಂತದಲ್ಲಿ ಕೇಳುವುದಿಲ್ಲ. ಕಟ್ಟಡದ ಒಡೆಯನು ಯಾರು, ಅದು ಯಾರ ವಶದಲ್ಲಿತ್ತು, ಗೋಡೆಯು ಬೀದಿಗೆ ಎಷ್ಟು ಸಮೀಪವಾಗಿತ್ತು, ಬಿರುಕು ಎಂದಿನಿಂದ ಕಾಣುತ್ತಿತ್ತು, ದುರಸ್ತಿಯಾಗಿತ್ತೆ, ಗಾಯದಿಂದ ಆಕೆಯ ದುಡಿಮೆಗೆ ಎಷ್ಟು ಕುಂದುಂಟಾಯಿತು: ಇವೆಲ್ಲ ಕಂಡಿಕೆ ಕಂಡಿಕೆಯಾಗಿ ಬರಬೇಕು. ಪ್ರತಿವಾದಿಗೂ ಇದೇ ಶಿಸ್ತು. 8ನೆಯ ಆದೇಶದ ಪ್ರಕಾರ ಆತನು ಒಂದೊಂದು ಆರೋಪವನ್ನೂ ನಿರ್ದಿಷ್ಟವಾಗಿ ಅಲ್ಲಗಳೆಯಬೇಕು. ನುಣುಚಿಕೊಂಡದ್ದನ್ನು ಒಪ್ಪಿದಂತೆಯೇ ಎಣಿಸಬಹುದು. ಸರಳವಾದ, ಖಚಿತವಾದ ಗದ್ಯದ ಬೆಲೆಯನ್ನು ಅರಿಯಬಯಸುವ ವಿದ್ಯಾರ್ಥಿಗಳು ಒಳ್ಳೆಯ ವಾದಪತ್ರವೊಂದನ್ನು ಓದಿದರೆ ನಷ್ಟವಿಲ್ಲ.

ಮಾತಿನ ಚಮತ್ಕಾರದಿಂದ ಇಲ್ಲದ ವ್ಯಾಜ್ಯಕಾರಣವನ್ನು ಇದ್ದಂತೆ ತೋರಿಸುವ ಬರಹಗಳೂ ಉಂಟು. ಬೆಂಗಳೂರಿನ ಬಾಡಿಗೆ ಮನೆಯೊಂದರಿಂದ ಹುಟ್ಟಿದ ಅರಿವಂದಾಂಡಂ ಪ್ರಕರಣದಲ್ಲಿ, 1977ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅಂಥ ದಾವೆಯನ್ನು ಮೊದಲ ವಿಚಾರಣೆಯಲ್ಲಿಯೇ ಚಿವುಟಿಹಾಕಬೇಕೆಂದು ಕೆಳಗಿನ ಕೋರ್ಟುಗಳಿಗೆ ಎಚ್ಚರಿಕೆಯಿತ್ತರು. ಅಷ್ಟಕ್ಕೇ ನಿಲ್ಲದೆ, ಮೋಸದ ವ್ಯಾಜ್ಯವನ್ನು ಜರಡಿಹಿಡಿದು ದೂರವಿಡುವುದು ವಕೀಲರ ಸಾಮಾಜಿಕ ಕರ್ತವ್ಯವೆಂದೂ ನೆನಪಿಸಿದರು. ಯಾವ ದಾವೆಯನ್ನು ಕೈಗೆತ್ತಿಕೊಳ್ಳಬಾರದೆಂಬ ವಿವೇಚನೆಯು ಆರಂಭದಲ್ಲಿಯೇ ಇದ್ದರೆ, ನಡುವೆ ಕೈಬಿಡುವ ಪ್ರಸಂಗಗಳು ಎಷ್ಟೋ ಕಡಮೆಯಾದಾವು.

ನಮ್ಮ ಎರಡು ಎಳೆಗಳು ಇಲ್ಲಿಯೇ ಒಂದಾಗುವುದು. ಗೋಡೆ ಬಿದ್ದು ಸತ್ತವನ ಹೆಂಡತಿಮಕ್ಕಳು 1855ರ ಮಾರಕ ಅಪಘಾತಗಳ ಕಾಯಿದೆಯಂತೆ ಪರಿಹಾರ ಕೇಳಬೇಕಾದರೆ ಅವಧಿಯಿರುವುದು ಮರಣದ ದಿನದಿಂದ ಎರಡು ವರ್ಷ ಮಾತ್ರ. ವಾದಪತ್ರದಲ್ಲಿ ನಿಜವಾದ ಒಡೆಯನ ಹೆಸರು ಬಿಟ್ಟುಹೋಗಿದ್ದು, ಅದನ್ನು ತಿದ್ದುವ ಮೊದಲೇ ವಕೀಲನು ಹಿಂದೆ ಸರಿದರೆ, ಹೊಸಬರು ಕಡತವನ್ನು ಓದಿ ಮುಗಿಸುವಷ್ಟರಲ್ಲಿ ಆ ಎರಡು ವರ್ಷ ಕಳೆದಿರಬಹುದು. ವಿಚಾರಣೆ ಆರಂಭವಾದ ಮೇಲೆ ತಿದ್ದುಪಡಿ ಕೇಳುವವನು, ತಕ್ಕ ಶ್ರದ್ಧೆಯಿಂದ ಯತ್ನಿಸಿಯೂ ಮೊದಲೇ ಕೇಳಲಾಗಲಿಲ್ಲವೆಂದು ತೋರಿಸಬೇಕೆಂಬ ಕಟ್ಟುಪಾಡು 2002ರಿಂದ ಬೇರೆ ಜಾರಿಯಲ್ಲಿದೆ. ಗೋಡೆಯ ಏಟು ಒಮ್ಮೆ ಬಿದ್ದರೆ, ಕೈಬಿಟ್ಟ ದಾವೆಯ ಏಟು ಅದೇ ಸಂಸಾರಕ್ಕೆ ಎರಡನೆಯ ಬಾರಿ ಬೀಳುತ್ತದೆ.

ಆದಕಾರಣ ಕಕ್ಷಿದಾರನೂ ತನ್ನ ದಾವೆಯ ನಂಬರನ್ನು, ವಾಯಿದೆಯ ದಿನವನ್ನು, ಮುಖ್ಯ ಕಾಗದಗಳ ನಕಲನ್ನು ತನ್ನ ಬಳಿ ಇಟ್ಟುಕೊಳ್ಳುವುದು ಲೇಸು. ವಕೀಲನನ್ನು ಇಡುವ ಶಕ್ತಿಯಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ನೆರವಿನ ಬಾಗಿಲನ್ನು ತೆರೆದಿದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ವರಮಾನದ ಮಿತಿಯ ಪ್ರಶ್ನೆಯೇ ಇಲ್ಲದೆ ಅದು ದೊರೆಯುತ್ತದೆ. ಇದನ್ನು ಕುರುಗೋಡಿನ, ಸಿರುಗುಪ್ಪದ ಹಳ್ಳಿಗಳಿಗೆ ತಿಳಿಸುವ ಕೆಲಸದಲ್ಲಿ ಶಾಲೆಯ ಉಪಾಧ್ಯಾಯರಿಗಿಂತ ಸಮರ್ಥರು ಯಾರಿದ್ದಾರೆ? ಹಳೆಯ ಗೋಡೆಗೆ ವರ್ಷಕ್ಕೊಮ್ಮೆ ಗಾರೆ ಹಚ್ಚಿಸುವ ಯಜಮಾನನೂ, ಬಿಡಲೇಬೇಕಾದಾಗ ಮುನ್ಸೂಚನೆ ಕೊಟ್ಟು ಕಡತವನ್ನು ಒಪ್ಪಿಸಿ ಹೋಗುವ ವಕೀಲನೂ ಮಾಡುವುದು ಸಣ್ಣ ಕೆಲಸವೆಂದು ತೋರಬಹುದು. ಮೇಲೆ ಹೇಳಿದ ತೀರ್ಪುಗಳಲ್ಲಿ ಬಹುಭಾಗವು ಹುಟ್ಟಿದ್ದು ಅಷ್ಟು ಸಣ್ಣ ಕೆಲಸವನ್ನು ಯಾರೋ ಮಾಡದೆ ಬಿಟ್ಟದ್ದರಿಂದ.